ದಡದಲ್ಲಿ ಉಳಿದವನ ದೋಣಿಯಾತ್ರೆ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರವಾಸಕಥನಗಳಿಗೆ ಎಂದೂ ಬರವಿಲ್ಲ. ಬೇಲೂರು ಹಳೇಬೀಡುಗಳಿಗೆ ಹೋದವರು, ಜೋಗ ನೋಡಿ ಬಂದವರು, ಎನ್. ಸಿ. ಸಿ. ಶಿಬಿರದ ನೆಪದಲ್ಲಿ ದೆಹಲಿಯನ್ನು ಮುಟ್ಟಿ ಬಂದವರು, ಎಲ್ಲರೂ ಬರೆದಿದ್ದಾರೆ. ನಾನು ಬರೆಯಹೊರಟಿರುವುದೂ ಒಂದು ಪ್ರವಾಸದ ವಿಷಯವೇ. ಆದರೆ ಅದಕ್ಕೆ ಒಂದು ಸಣ್ಣ ಕೊರತೆಯಿದೆ: ಆ ಪ್ರವಾಸಕ್ಕೆ ನಾನು ಹೋಗಲಿಲ್ಲ. ಇದನ್ನು ಮೊದಲೇ ಅರಿಕೆ ಮಾಡಿಕೊಳ್ಳುವುದು ಲೇಸು. ಇಲ್ಲವಾದರೆ ಕೊನೆಯ ಪುಟಕ್ಕೆ ಬಂದ ಓದುಗರು ನನ್ನ ಮೇಲೆ ಮುನಿದಾರು. ಹೋಗದಿದ್ದರೇನಂತೆ, ಆ ಪ್ರವಾಸದ ಯೋಜನೆಯನ್ನು ಏಳು ತಿಂಗಳು ಹೊತ್ತವನು ನಾನು. ಮದುವೆಗೆ ಹೋಗದೆ ಲಗ್ನಪತ್ರಿಕೆ ಬರೆದ ಪುರೋಹಿತನಿಗೆ ಇರುವಷ್ಟು ಹಕ್ಕು ನನಗೂ ಇದೆಯಷ್ಟೆ.

ನನ್ನ ಅಣ್ಣ ಅಮೆರಿಕದ ಮಿನೆಸೋಟಾ ಸಂಸ್ಥಾನದ ಮಿನಿಯಾಪೊಲಿಸ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೂ ನನಗೂ ಹದಿನಾರು ವರ್ಷಗಳ ಅಂತರ. ೨೦೨೪ರ ಜನವರಿಯಲ್ಲಿ ಒಂದು ರಾತ್ರಿ ದೂರವಾಣಿಯಲ್ಲಿ ಮಾತನಾಡುತ್ತ, ದನಿ ತಗ್ಗಿಸಿ, “ಅಮ್ಮ ಹತ್ತಿರದಲ್ಲಿದ್ದಾಳೆಯೇ?” ಎಂದು ಕೇಳಿದ. ಇಲ್ಲವೆಂದೆ. “ಈ ಬೇಸಿಗೆಯಲ್ಲಿ ಅತ್ತಿಗೆಯನ್ನೂ ಪುಟ್ಟನನ್ನೂ ಕರೆದುಕೊಂಡು ಕನೂ ದೋಣಿಯಲ್ಲಿ ನಾಲ್ಕು ರಾತ್ರಿ ಕಾಡಿನಲ್ಲಿರಬೇಕೆಂದಿದ್ದೇನೆ. ನೀನು ಭೂಗೋಳ ಓದುತ್ತಿದ್ದೀಯಲ್ಲ, ನಕ್ಷೆ ನೋಡಿ ದಾರಿ ಹಾಕಿಕೊಡು. ಅಮ್ಮನಿಗೆ ಹೇಳಬೇಡ” ಎಂದ.

ಅಮ್ಮನಿಗೆ ಏಕೆ ಹೇಳಬಾರದೆಂಬುದು ನಮ್ಮಿಬ್ಬರಿಗೂ ಗೊತ್ತಿದ್ದ ಸಂಗತಿ. ಅಣ್ಣನಿಗೂ ನನಗೂ ನಡುವೆ ಇನ್ನೊಬ್ಬನಿದ್ದ. ನಾನು ಅವನನ್ನು ನೋಡಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಅವನು ನಮ್ಮೂರ ಕೆರೆಯಲ್ಲಿ ತೀರಿಕೊಂಡ. ಅದಾದ ನಾಲ್ಕು ವರ್ಷಕ್ಕೆ ನಾನು ಹುಟ್ಟಿದೆ. ಕೆರೆಯ ಏರಿಯ ಮೇಲೆ ನಡೆಯುವಾಗಲೂ ನೀರಿನ ಕಡೆಗೆ ಅಮ್ಮ, ಗದ್ದೆಯ ಕಡೆಗೆ ನಾನು. ಹೀಗೆಯೇ ನಾನು ಬೆಳೆದದ್ದು. ಇಪ್ಪತ್ತು ವರ್ಷದ ಗಂಡಸಾದರೂ ನನಗೆ ಈಜು ಬಾರದು. ಅಣ್ಣನಿಗೂ ಬರುತ್ತಿರಲಿಲ್ಲ, ಮಗ ಹುಟ್ಟಿದ ಮೇಲೆ, ಮೂವತ್ತು ದಾಟಿದವನು, ಮಕ್ಕಳ ಜೊತೆಯಲ್ಲಿ ಈಜುಕೊಳಕ್ಕಿಳಿದು ಕಲಿತನಂತೆ. ಈಗ ಪುಟ್ಟನಿಗೆ ಒಂಬತ್ತು ವರ್ಷ. ಆ ಲೆಕ್ಕವನ್ನು ಅಣ್ಣ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ಹೋಗಬೇಕೆಂದಿದ್ದ ಸ್ಥಳದ ಹೆಸರು ಬೌಂಡರಿ ವಾಟರ್ಸ್ ಕನೂ ಏರಿಯಾ ವಿಲ್ಡರ್‌ನೆಸ್. ಮಿನೆಸೋಟಾದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿ, ಸುಪೀರಿಯರ್ ರಾಷ್ಟ್ರೀಯ ಅರಣ್ಯದೊಳಗೆ ಸುಮಾರು ೧೧ ಲಕ್ಷ ಎಕರೆ ಹರಡಿಕೊಂಡಿರುವ ಕಾಡು ಅದು. ಅದರಲ್ಲಿ ಸಾವಿರಕ್ಕೂ ಮಿಕ್ಕಿದ ಕೆರೆಗಳು. ೧,೨೦೦ ಮೈಲಿಗೂ ಹೆಚ್ಚು ದೋಣಿದಾರಿ. ನಾವು ಕೆರೆ ಎಂದೊಡನೆ ಏರಿ, ತೂಬು, ಕೋಡಿ ಎಂದು ನೆನೆಯುತ್ತೇವೆ. ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು. ಅಲ್ಲಿಯ ಕೆರೆಗಳನ್ನು ಯಾರೂ ಕಟ್ಟಿಸಲಿಲ್ಲ. ಹಿಮಯುಗದ ನೀರ್ಗಲ್ಲುಗಳು ಸರಿದು, ಭೂಮಿಯ ಅತಿ ಪ್ರಾಚೀನವಾದ ಬಂಡೆಗಳನ್ನು ಉಜ್ಜಿ ಕೊರೆದು, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಕರಗಿ ಹಿಂದೆಗೆದಾಗ ಉಳಿದ ಗುಳಿಗಳಲ್ಲಿ ನಿಂತ ನೀರು ಅದು. ಓಜಿಬ್ವೆ ಜನರು ಭೂರ್ಜಮರದ ತೊಗಟೆಯಿಂದ ಹಗುರವಾದ ಕನೂಗಳನ್ನು ಕಟ್ಟಿಕೊಂಡು ಈ ನೀರಿನ ಮೇಲೆ ಓಡಾಡಿದರು; ಕೆರೆಯಂಚಿನಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿಯನ್ನು ದೋಣಿಯಲ್ಲಿ ಕುಳಿತೇ ಕೋಲಿನಿಂದ ಬಡಿದು ಕೊಯ್ದರು. ೧೮೫೪ರ ಒಪ್ಪಂದದಲ್ಲಿ ಭೂಮಿ ಕೈಬಿಟ್ಟರೂ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಅವರು ಉಳಿಸಿಕೊಂಡಿದ್ದಾರೆ. ಅವರ ಬಳಿಕ ತುಪ್ಪುಳದ ವ್ಯಾಪಾರಕ್ಕಾಗಿ ಫ್ರೆಂಚ್ ಅಂಬಿಗರು ಬಂದರು. ೧೯೪೯ರಲ್ಲಿ ಅಧ್ಯಕ್ಷ ಟ್ರೂಮನ್ ಈ ಕಾಡಿನ ಮೇಲೆ ವಿಮಾನಗಳು ತಗ್ಗಾಗಿ ಹಾರಕೂಡದೆಂದು ಆಜ್ಞೆ ಹೊರಡಿಸಿದರು. ೧೯೬೪ರ ಅರಣ್ಯ ಶಾಸನದಲ್ಲಿ ಇದಕ್ಕೆ ರಕ್ಷಣೆ ದೊರೆಯಿತು. ೧೯೭೮ರ ಇನ್ನೊಂದು ಶಾಸನದ ಮೇಲೆ ಬಹುಪಾಲು ಕೆರೆಗಳಲ್ಲಿ ಯಂತ್ರದ ದೋಣಿಗೆ ಪ್ರವೇಶವಿಲ್ಲ. ಹುಟ್ಟು ಹಾಕುವ ತೋಳಿದ್ದವನಿಗೆ ಮಾತ್ರ ಅಲ್ಲಿ ದಾರಿ.

ಆದರೆ ತೋಳಿದ್ದರೆ ಸಾಲದು, ರಹದಾರಿಯೂ ಬೇಕು. ಮೇ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ ರಾತ್ರಿ ತಂಗುವ ಪ್ರತಿ ತಂಡವೂ ಅನುಮತಿ ಪತ್ರ ಪಡೆಯಬೇಕು. ಕಾಡಿಗೆ ಹತ್ತಾರು ಬಾಗಿಲುಗಳು. ಪ್ರತಿ ಬಾಗಿಲಿಗೂ ದಿನಕ್ಕೆ ಇಷ್ಟೇ ತಂಡ ಎಂದು ಮಿತಿ. ಒಂದು ತಂಡದಲ್ಲಿ ಒಂಬತ್ತು ಜನರಿಗಿಂತ, ನಾಲ್ಕು ದೋಣಿಗಿಂತ ಹೆಚ್ಚಿರಬಾರದು. ಜನವರಿಯ ಕೊನೆಯ ಬುಧವಾರ, ಅಲ್ಲಿಯ ಬೆಳಗು ನಮ್ಮ ರಾತ್ರಿ ಎಂಟೂವರೆಗೆ ಸರಿಯಾಗಿ, ಈ ಪತ್ರಗಳ ವಿತರಣೆ ಆರಂಭವಾಯಿತು. ನಾನು ಊಟದ ತಟ್ಟೆಯ ಮುಂದೆ ಫೋನು ಹಿಡಿದು ಕುಳಿತಿದ್ದೆ. “ಸಿಕ್ಕಿತು, ಆಗಸ್ಟ್ ೧೨, ಸೋಮವಾರ, ಸಾಬಿಲ್ ಕೆರೆಯ ಬಾಗಿಲು” ಎಂದು ಅಣ್ಣ ಕೂಗಿದ. “ಯಾರಿಗೆ ಏನು ಸಿಕ್ಕಿತು?” ಎಂದಳು ಅಮ್ಮ. “ಅಣ್ಣನಿಗೆ ರಜೆ” ಎಂದೆ. ಅದು ಪೂರ್ತಿ ಸುಳ್ಳಲ್ಲ.

ಅಣ್ಣ ಕಳುಹಿಸಿದ ನಕ್ಷೆಯನ್ನು ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಎಂಟು ಹಾಳೆಗಳಾಗಿ ಮುದ್ರಿಸಿ, ಅಂಟಿಸಿ, ನನ್ನ ಮೇಜಿನ ಮೇಲಿನ ಗೋಡೆಗೆ ಹೊಡೆದೆ. ಕಾಗದದ ತುಂಬ ನೀಲಿ. ಕೆರೆಗಳಿಗೆ ಬೆತ್, ಗ್ರೇಸ್, ಫೀಬಿ, ಹೇಜಲ್, ಪಾಲಿ ಎಂದು ಹೆಣ್ಣುಮಕ್ಕಳ ಹೆಸರು. ತಂಗುವ ಸ್ಥಳಗಳಿಗೆ ಕೆಂಪು ಚುಕ್ಕೆ. ಇಡೀ ಕಾಡಿನಲ್ಲಿ ಅಂಥವು ಸುಮಾರು ೨,೦೦೦. ಪ್ರತಿಯೊಂದರಲ್ಲೂ ಒಲೆಗೆಂದು ಒಂದು ಕಬ್ಬಿಣದ ಜಾಲರಿ, ಕಾಡಿನೊಳಗೆ ಒಂದು ಪಾಯಿಖಾನೆ, ಅಷ್ಟೆ. ಅವುಗಳನ್ನು ಮುಂಗಡವಾಗಿ ಕಾದಿರಿಸುವಂತಿಲ್ಲ; ಮೊದಲು ಬಂದವನದು ಜಾಗ. ನಾನು ದಾರದ ತುಂಡೊಂದನ್ನು ಹಿಡಿದು ಅಳೆದೆ. ದಿನಕ್ಕೆ ಹದಿನೈದು ಮೈಲಿಯಂತೆ ಹನ್ನೆರಡು ಕೆರೆಗಳನ್ನು ಸುತ್ತಿ ಬರುವ ಭರ್ಜರಿ ದಾರಿಯನ್ನು ಹಾಕಿ, ಕೆಂಪು ಶಾಯಿಯಲ್ಲಿ ತಿದ್ದಿ, ಅಭಿಮಾನದಿಂದ ಅಣ್ಣನಿಗೆ ಕಳುಹಿಸಿದೆ. “ಇದು ಕೆ. ಎಸ್. ಆರ್. ಟಿ. ಸಿ. ಮಾರ್ಗವಲ್ಲ” ಎಂದು ಒಂದೇ ಸಾಲಿನ ಉತ್ತರ ಬಂತು.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಪೋರ್ಟೇಜನ್ನು. ಒಂದು ಕೆರೆಗೂ ಇನ್ನೊಂದಕ್ಕೂ ನಡುವೆ ನೆಲವಿದೆಯಲ್ಲ, ಅಲ್ಲಿ ದೋಣಿ ನಮ್ಮನ್ನು ಹೊರುವುದಿಲ್ಲ, ನಾವು ದೋಣಿಯನ್ನು ಹೊರಬೇಕು. ಆ ಕಾಲುದಾರಿಗೆ ಪೋರ್ಟೇಜ್ ಎಂದು ಹೆಸರು. ನಾನು ಮನಸ್ಸಿನಲ್ಲಿ ಹೊರೆದಾರಿ ಎಂದು ಕರೆದುಕೊಂಡೆ. ಹಿಂದಿನ ಫ್ರೆಂಚ್ ಅಂಬಿಗರು ತೊಂಬತ್ತು ಪೌಂಡಿನ ಎರಡೆರಡು ಗಂಟುಗಳನ್ನು ಬೆನ್ನಿಗೇರಿಸಿಕೊಂಡು ಈ ದಾರಿಗಳಲ್ಲಿ ನಡೆಯುತ್ತಿದ್ದರಂತೆ. ಹೊರೆದಾರಿಯ ಉದ್ದವನ್ನು ಅಲ್ಲಿ ಇಂದಿಗೂ ರಾಡ್ ಎಂಬ ಹಳೆಯ ಮಾನದಲ್ಲೇ ಹೇಳುತ್ತಾರೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕನೂವಿನ ಉದ್ದ. ಮೈಲಿಗೆ ೩೨೦ ರಾಡ್. ಸಾಬಿಲ್‌ನಿಂದ ಆಲ್ಟನ್ ಕೆರೆಗೆ ೩೦ ರಾಡ್, ಅಂದರೆ ನೂರೈವತ್ತು ಮೀಟರು. ಆಲ್ಟನ್‌ನಿಂದ ಬೆತ್ ಕೆರೆಗೆ ೧೪೦ ರಾಡ್, ಏಳುನೂರು ಮೀಟರು. ಬೆತ್‌ನಿಂದ ಗ್ರೇಸ್‌ಗೆ ೨೮೦ರ ಆಸುಪಾಸು. ದೋಣಿಯನ್ನೂ ಗಂಟುಗಳನ್ನೂ ಒಂದೇ ಸಲಕ್ಕೆ ಸಾಗಿಸಲಾರದವರು ಒಮ್ಮೆ ಹೊತ್ತು ಹೋಗಿ, ಬರಿಗೈಯಲ್ಲಿ ಮರಳಿ, ಮತ್ತೆ ಹೊತ್ತು ಹೋಗಬೇಕಾದ್ದರಿಂದ ಏಳುನೂರು ಮೀಟರು ಎರಡು ಸಾವಿರದ ನೂರಾಗುತ್ತದೆ. ಈ ಗಣಿತ ನನಗೆ ಹೊಳೆದಿರಲಿಲ್ಲ.

ಗಣಿತ ತಲೆಗೆ ಹತ್ತದಿದ್ದರೆ ಹೆಗಲಿಗಾದರೂ ಹತ್ತಲಿ ಎಂದು ಒಂದು ಪ್ರಯೋಗ ಮಾಡಿದೆ. ಕೆವ್ಲಾರ್ ಎಂಬ ನಾರಿನಿಂದ ಮಾಡಿದ ಹಗುರ ಕನೂವಿನ ತೂಕ ಸುಮಾರು ಇಪ್ಪತ್ತು ಕಿಲೋ; ಅಲ್ಯುಮಿನಿಯಮ್ಮಿನದು ಮೂವತ್ತಕ್ಕೂ ಮೇಲೆ. ನಮ್ಮ ಊರಿನ ನ್ಯಾಯಬೆಲೆ ಅಂಗಡಿಯಿಂದ ಮನೆಗೆ ಹೆಚ್ಚುಕಡಿಮೆ ಏಳುನೂರು ಮೀಟರು. ಇಪ್ಪತ್ತು ಕಿಲೋ ಅಕ್ಕಿಯ ಚೀಲವನ್ನು ಎರಡು ಹೆಗಲಿಗೂ ಅಡ್ಡಲಾಗಿ ಹೊತ್ತು ಹೊರಟೆ. ಅರಳೀಕಟ್ಟೆಯವರೆಗೆ ಉತ್ಸಾಹವಿತ್ತು. ಹಾಲಿನ ಡೈರಿಯ ಹತ್ತಿರ ಕುತ್ತಿಗೆ ನನ್ನದಲ್ಲವೆನಿಸಿತು. ಮನೆ ಮುಟ್ಟಿ ಚೀಲವಿಳಿಸಿ, ನಿಯಮದ ಪ್ರಕಾರ ಬರಿಗೈಯಲ್ಲಿ ಅಂಗಡಿಗೆ ಮರಳಿದಾಗ ಅಂಗಡಿಯವರು, “ಏನು ಸ್ವಾಮಿ, ತೂಕದಲ್ಲಿ ಮೋಸವೇ?” ಎಂದು ಗಾಬರಿಯಾದರು. ಅಂದು ಸಂಜೆ ನನ್ನ ಹನ್ನೆರಡು ಕೆರೆಗಳನ್ನು ನಾನೇ ಮೂರಕ್ಕೆ ಇಳಿಸಿದೆ: ಸಾಬಿಲ್, ಆಲ್ಟನ್, ಬೆತ್. ಹೋದ ದಾರಿಯಲ್ಲೇ ಹಿಂದಿರುಗುವುದು. ನಾಲ್ಕು ರಾತ್ರಿ.

ಮುಂದೆ ಆಹಾರದ ಪಟ್ಟಿ. ಡಬ್ಬಿಯಲ್ಲಿ ಮುಚ್ಚಿದ ತಿನಿಸಿಗೂ ಗಾಜಿನ ಸೀಸೆಗೂ ಆ ಕಾಡಿನಲ್ಲಿ ನಿಷೇಧವಿದೆ. ಅಮೆರಿಕದವರು ಏನು ಒಯ್ಯುತ್ತಾರೋ ಬಲ್ಲವರು ಬಲ್ಲರು. ನನಗಂತೂ ಈ ನಿಯಮ ನಮ್ಮವರಿಗಾಗಿಯೇ ಮಾಡಿದಂತೆ ತೋರಿತು. ಗೊಜ್ಜವಲಕ್ಕಿಯ ಪುಡಿ, ಹುರಿದ ರವೆಗೆ ಒಗ್ಗರಣೆ ಬೆರೆಸಿದ ಉಪ್ಪಿಟ್ಟಿನ ಹಿಟ್ಟು, ಹುರಿಹಿಟ್ಟು, ಚಟ್ನಿಪುಡಿ; ತೂಕ ಕಡಿಮೆ, ಕೆಡುವ ಭಯವಿಲ್ಲ, ಕುದಿಯುವ ನೀರು ಸಿಕ್ಕರೆ ಊಟ ಸಿದ್ಧ. ನೀರನ್ನಂತೂ ಕುದಿಸಲೇಬೇಕು, ಇಲ್ಲವೇ ಸೋಸಬೇಕು. ಕನ್ನಡಿಯಂತೆ ಕಂಡರೂ ಹೊಟ್ಟೆಗೆ ರೋಗ ತರುವ ಜೀವಾಣುಗಳು ಅದರಲ್ಲಿರುತ್ತವೆ. ರಾತ್ರಿ ಉಳಿದ ಆಹಾರವನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಹಗ್ಗದಿಂದ ಮರಕ್ಕೆ ಎತ್ತರದಲ್ಲಿ, ಕಾಂಡದಿಂದ ದೂರಕ್ಕೆ ತೂಗುಹಾಕಬೇಕು, ಅಥವಾ ಕರಡಿ ತೆರೆಯಲಾರದ ಗಟ್ಟಿ ಡಬ್ಬದಲ್ಲಿಡಬೇಕು. ಅಲ್ಲಿ ಕಪ್ಪು ಕರಡಿಗಳಿವೆ. ಇಂಗಿನ ವಾಸನೆಗೆ ಅವು ಓಡಿಬರುವುವೋ ಓಡಿಹೋಗುವುವೋ ಎಂಬ ವಿಷಯದಲ್ಲಿ ಅಣ್ಣನಿಗೂ ನನಗೂ ಕೊನೆಯವರೆಗೆ ಭಿನ್ನಾಭಿಪ್ರಾಯವಿತ್ತು.

ಯೋಜನೆಯ ಕೊನೆಯ ಅಂಶವೇ ನನಗೆ ಭಾರವಾದದ್ದು. ಆ ಕಾಡಿನಲ್ಲಿ ಬಹುಮಟ್ಟಿಗೆ ಫೋನು ಕೆಲಸ ಮಾಡುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಪುಟ್ಟ ಯಂತ್ರಗಳು ಬಾಡಿಗೆಗೆ ದೊರೆಯುತ್ತವೆ. ಅಣ್ಣ ಬೇಡವೆಂದ, ನನಗೆ ಅದು ಸರಿಕಾಣಲಿಲ್ಲ. ಹಾಗಾಗಿ ಹೊರಡುವವರು ಯಾವ ರಾತ್ರಿ ಯಾವ ಕೆರೆಯಲ್ಲಿರುತ್ತೇವೆ, ಯಾವ ದಿನ ಹೊರಬರುತ್ತೇವೆ, ಎಷ್ಟು ಹೊತ್ತು ತಡವಾದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದು ನಂಬಿಕೆಯವರ ಕೈಯಲ್ಲಿ ಕೊಟ್ಟು ಹೋಗುವುದು ಅಲ್ಲಿಯ ಪದ್ಧತಿ. ಒಂದು ಪ್ರತಿಯನ್ನು ಅಣ್ಣ ಅಲ್ಲಿಯ ಸ್ನೇಹಿತರೊಬ್ಬರಿಗೆ ಕೊಟ್ಟ, ಇನ್ನೊಂದು ನನಗೆ. ಮಿನೆಸೋಟಾದ ಶನಿವಾರ ಮಧ್ಯಾಹ್ನದೊಳಗೆ ಸುದ್ದಿಯಿಲ್ಲದಿದ್ದರೆ ಕುಕ್ ಕೌಂಟಿಯ ಷೆರೀಫ್ ಕಚೇರಿಗೆ ಫೋನು ಮಾಡಬೇಕು. ಆ ಸಂಖ್ಯೆಯನ್ನು ಬರೆದುಕೊಳ್ಳುವಾಗ ನನ್ನ ಕೈ ಸ್ವಲ್ಪ ನಡುಗಿತೆಂದು ಒಪ್ಪಿಕೊಳ್ಳುತ್ತೇನೆ. ಹೋಗುವವರ ಕೈಯಲ್ಲಿ ಹುಟ್ಟು ಇರುತ್ತದೆ. ನನ್ನ ಕೈಯಲ್ಲಿ ಒಂದು ಕಾಗದ. ಆಗತಾನೇ ೧೯೯೯ರ ಜುಲೈ ೪ರ ಬಿರುಗಾಳಿ ಅಲ್ಲಿ ಲಕ್ಷಗಟ್ಟಲೆ ಎಕರೆಗಳ ಮರಗಳನ್ನು ಉರುಳಿಸಿದ್ದನ್ನೂ, ೨೦೧೧ರಲ್ಲಿ ಸಿಡಿಲಿನಿಂದ ಹತ್ತಿದ ಪಗಾಮಿ ಕ್ರೀಕ್ ಬೆಂಕಿ ತೊಂಬತ್ತು ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟದ್ದನ್ನೂ ಓದಿದ್ದೆ. ಓದು ಹೆಚ್ಚಾದರೆ ನಿದ್ರೆ ಕಡಿಮೆ ಎಂಬುದು ಪರೀಕ್ಷೆಗೆ ಮಾತ್ರ ಅನ್ವಯಿಸುವ ಮಾತಲ್ಲ.

ಜುಲೈ ಕೊನೆಯಲ್ಲಿ ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬರುವಾಗ ಅಮ್ಮ ನನ್ನ ಕೋಣೆಯಲ್ಲಿ ಕಸಬರಿಕೆ ಹಿಡಿದು ಗೋಡೆಯ ಮುಂದೆ ನಿಂತಿದ್ದಳು. ಆರು ತಿಂಗಳಿಂದ ಆ ನಕ್ಷೆ ಅಲ್ಲಿತ್ತು, ಕಾಲೇಜಿನ ಪಾಠವೆಂದುಕೊಂಡಿದ್ದಳು. ಅಂದು ಅದರ ಪಕ್ಕದಲ್ಲಿ ನಾನು ಅಂಟಿಸಿದ್ದ ಪಟ್ಟಿಯಲ್ಲಿ ಪುಟ್ಟನ ಹೆಸರನ್ನು ಓದಿದ್ದಳು.

“ಈ ನೀಲಿಯೆಲ್ಲ ಏನು?” ಎಂದಳು.

“ನೀರು” ಎಂದೆ.

“ಇಷ್ಟೂ ನೀರೇ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಅಳುವಳು, ಅಣ್ಣನಿಗೆ ಫೋನು ಮಾಡಿ ಆಣೆ ಹಾಕಿಸುವಳು, ಊಟ ಬಿಡುವಳು ಎಂದೆಲ್ಲ ನಿರೀಕ್ಷಿಸಿದ್ದೆ. ಅವಳು ಕಸಬರಿಕೆಯನ್ನು ಬಾಗಿಲಿಗೊರಗಿಸಿ ನನ್ನ ಕುರ್ಚಿಯಲ್ಲಿ ಕುಳಿತಳು.

“ದೋಣಿಯಲ್ಲಿ ಮಗು ಎಲ್ಲಿ ಕೂರುತ್ತದೆ?”

“ನಡುವೆ. ಮುಂದೆ ಅತ್ತಿಗೆ, ಹಿಂದೆ ಅಣ್ಣ.”

“ಮೈಗೆ ಏನಾದರೂ ಕಟ್ಟುತ್ತಾರೋ?”

ತೇಲುವ ಅಂಗಿ ತೊಡಿಸುತ್ತಾರೆಂದೂ, ಹತ್ತು ವರ್ಷದೊಳಗಿನ ಮಕ್ಕಳು ದೋಣಿಯಲ್ಲಿ ಅದನ್ನು ತೊಟ್ಟೇ ಇರಬೇಕೆಂದು ಆ ಸಂಸ್ಥಾನದ ಕಾನೂನೇ ಇದೆಯೆಂದೂ ಹೇಳಿದೆ. ಮಧ್ಯಾಹ್ನ ಗಾಳಿ ಏಳುವುದರಿಂದ ಬೆಳಿಗ್ಗೆಯೇ ಹೊರಟು, ದಡವನ್ನು ಬಿಡದೆ ಹೋಗುವರೆಂದೂ ಹೇಳಿದೆ. ಆಮೇಲೆ ಆ ಕಾಗದವನ್ನು ತೋರಿಸಿದೆ. ಅವಳು ಅದನ್ನು ನಿಧಾನವಾಗಿ, ಬೆರಳಿಟ್ಟು ಓದಿದಳು. ಸೋಮವಾರ ರಾತ್ರಿ ಆಲ್ಟನ್. ಮಂಗಳವಾರ ಬೆತ್. ಹೀಗೆ.

“ಇದನ್ನು ಬರೆದಿಟ್ಟು ಹೋಗುತ್ತಾರೆಯೇ?”

“ಹೌದಮ್ಮ.”

ಬಹಳ ಹೊತ್ತು ಸುಮ್ಮನಿದ್ದು ಅಮ್ಮ ಹೇಳಿದಳು: “ಅವತ್ತು ಅವನು ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ. ತೋಟದಲ್ಲಿ ಹುಡುಕಿದೆವು. ಸಂತೆಗೆ ಆಳು ಕಳಿಸಿದೆವು. ನಿನ್ನಪ್ಪ ಸೈಕಲ್ಲಿನಲ್ಲಿ ಅಜ್ಜಿಯ ಊರಿಗೆ ಹೋಗಿ ನೋಡಿ ಬಂದರು. ತೂಬಿನ ಹತ್ತಿರ ಅಂಗಿ ಕಂಡದ್ದು ದೀಪ ಹಚ್ಚುವ ಹೊತ್ತಿಗೆ. ಈಜಲು ಹೋಗುತ್ತೇನೆಂದರೆ ಬೈಯುತ್ತೇನೆಂದು ನನಗೆ ಹೇಳದೆ ಹೋಗಿದ್ದ. ಬೈಯುತ್ತಿದ್ದೆ, ನಿಜ. ಆದರೆ ಹೇಳಿದ್ದರೆ ಅರ್ಧ ಗಳಿಗೆಗೆ ಏರಿಯ ಮೇಲೆ ಹೋಗಿ ನೋಡುತ್ತಿದ್ದೆ.”

ನನ್ನ ಇಪ್ಪತ್ತು ವರ್ಷಗಳಲ್ಲಿ ಆಕೆ ಆ ದಿನದ ವಿಷಯ ಆಡಿದ್ದು ಅದೇ ಮೊದಲು. ನೀರಿಗೆ ಅಂಜುತ್ತಾಳೆಂದು ನಾವು ತಿಳಿದಿದ್ದೆವು. ಆರು ತಿಂಗಳು ಆಕೆಗೆ ಹೇಳದೆ ಮುಚ್ಚಿಟ್ಟು ನಾನೂ ಅಣ್ಣನೂ ಮಾಡಿದ್ದು ಏನೆಂಬುದು ಆಗ ನನಗೆ ಅರ್ಥವಾಯಿತು.

ಅಂದು ರಾತ್ರಿಯೇ ಅಣ್ಣನಿಗೆ ಫೋನು ಮಾಡಿ ಅಮ್ಮನ ಕೈಗೆ ಕೊಟ್ಟು ಹೊರಗೆ ಬಂದೆ. ಅವರಿಬ್ಬರ ನಡುವೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಒಳಗೆ ಹೋದಾಗ ಅಮ್ಮ ಯೋಜನೆಗೆ ಎರಡು ತಿದ್ದುಪಡಿಗಳನ್ನು ಸೂಚಿಸಿದಳು. ಒಂದು, ಮಿಡಿ ಉಪ್ಪಿನಕಾಯಿ. ಗಾಜಿನ ಸೀಸೆ ಕೂಡದೆಂದದ್ದಕ್ಕೆ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಬೆಂಗಳೂರಿನಿಂದ ಹೊರಟಿದ್ದ ಪರಿಚಿತರ ಕೈಯಲ್ಲಿ ಕಳುಹಿಸಿದಳು. ಎರಡನೆಯದು ಬುಧವಾರದ್ದು. ಅಂದು ಬೆತ್ ಕೆರೆಯಲ್ಲಿ ಸುಮ್ಮನೆ ತಂಗುವುದೆಂದು ಅಣ್ಣ ಬರೆದಿದ್ದ. ದಿನ ವ್ಯರ್ಥವೆಂದು ನಾನು ಅದನ್ನು ಹೊಡೆದುಹಾಕಿ, ಗುರುವಾರವೇ ಹೊರಬರುವಂತೆ ತಿದ್ದಿದ್ದೆ, ಅಣ್ಣನೂ ಹೂಗುಟ್ಟಿದ್ದ. “ಒಂದು ದಿನ ಕೈಯಲ್ಲಿರಲಿ. ಗಡಿಬಿಡಿಯಿದ್ದವನಿಗೆ ನೀರು ಕಾಣುವುದಿಲ್ಲ” ಎಂದಳು ಅಮ್ಮ. ಬುಧವಾರವನ್ನು ಮತ್ತೆ ಬರೆದೆ.

ಅವರು ಸೋಮವಾರ ಕಾಡು ಹೊಕ್ಕರು. ನಮ್ಮ ಮನೆಯಲ್ಲಿ ಆ ಕಾಗದ ಪಂಚಾಂಗದ ಪಕ್ಕದಲ್ಲಿ ಮೊಳೆಗೆ ತೂಗಿತು. ಪ್ರತಿ ಸಂಜೆ ಅಮ್ಮ ಅದನ್ನು ನೋಡಿ, “ಈಗ ಅವರು ಬೆತ್ ಕೆರೆಯಲ್ಲಿದ್ದಾರೆ” ಎನ್ನುವಳು. ಪಕ್ಕದ ಹಳ್ಳಿಯ ಹೆಸರು ಹೇಳಿದಷ್ಟು ಸರಾಗವಾಗಿ. ಗುರುವಾರ ಕಾಲೇಜಿನಲ್ಲಿ ಸ್ವಾತಂತ್ರ್ಯ ದಿನದ ಧ್ವಜಾರೋಹಣ. ಸಾಲಿನಲ್ಲಿ ನಿಂತ ನನ್ನ ಮನಸ್ಸು ಮಾತ್ರ ಹೊರೆದಾರಿಯಲ್ಲಿತ್ತು. ಶುಕ್ರವಾರ ವರಮಹಾಲಕ್ಷ್ಮಿಯ ವ್ರತ. ಅಮ್ಮ ಕಲಶದ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕುಳಿತಿದ್ದಳು. ಅಲ್ಲಿಯ ಶುಕ್ರವಾರ ಸಂಜೆ ನಮಗೆ ಶನಿವಾರದ ನಸುಕು. ರಾತ್ರಿಯೆಲ್ಲ ನಾನು ಓದುತ್ತಿರುವಂತೆ ನಟಿಸಿದೆ, ಅಮ್ಮ ಹೂಬತ್ತಿ ಹೊಸೆದಳು, ಅಪ್ಪ ನಿದ್ರೆ ಮಾಡುವಂತೆ ನಟಿಸಿದರು.

ಐದು ಗಂಟೆಗೆ ಫೋನು ಬಂತು. ಸುಪೀರಿಯರ್ ಮಹಾಸರೋವರದ ದಡದ ಟಾಫ್ಟೆ ಎಂಬ ಊರಿಗೆ ಬಂದು ಅಣ್ಣ ಮಾತನಾಡುತ್ತಿದ್ದ. ಮಂಗಳವಾರ ಬೆಳಗಿನಿಂದಲೇ ಆಲ್ಟನ್ ಕೆರೆಯ ಮೇಲೆ ಬಿಳಿಯ ನೊರೆಯೇಳುವಂಥ ಗಾಳಿ. ಇಡೀ ದಿನ ಗುಡಾರದ ಬಳಿಯೇ ಕುಳಿತರಂತೆ. ಬುಧವಾರ ಗಾಳಿ ಇಳಿದ ಮೇಲೆ ಬೆತ್‌ಗೆ ಹೋದರು. “ಆ ಒಂದು ದಿನ ಇಲ್ಲದಿದ್ದರೆ ಮಂಗಳವಾರವೇ ನುಗ್ಗಿಬಿಡುತ್ತಿದ್ದೆ” ಎಂದ ಅಣ್ಣ. ಯಾರ ತಿದ್ದುಪಡಿ ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಮ್ಮ ಮಾತ್ರ ಕಾಗದದ ಕಡೆ ನೋಡಿದಳು. ಆಮೇಲೆ ಪುಟ್ಟ ಬಂದ. ರಾತ್ರಿ ಲೂನ್ ಎಂಬ ಹಕ್ಕಿ ನೀರಿನ ಮೇಲಿಂದ ಅಳುವಂತೆ ಕೂಗಿತೆಂದೂ, ತಾನು ಹೆದರಲಿಲ್ಲವೆಂದೂ, ಸ್ವಲ್ಪ ಹೆದರಿದೆನೆಂದೂ, ಕರಡಿ ಬರಲಿಲ್ಲವೆಂದೂ, ಉಪ್ಪಿನಕಾಯಿ ಮುಗಿಯಿತೆಂದೂ ತನ್ನ ಅರೆಗನ್ನಡದಲ್ಲಿ ವರದಿ ಒಪ್ಪಿಸಿದ. “ಊಟ ಮಾಡಿದಿರಾ?” ಎಂದಷ್ಟೇ ಕೇಳಿದ ಅಮ್ಮ ಫೋನು ನನ್ನ ಕೈಗಿತ್ತು ಹಿತ್ತಿಲಿಗೆ ಹೋದಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ಕಾಗದವನ್ನು ನಾನು ತೆಗೆಯಹೋದಾಗ ಅಮ್ಮ ಬೇಡವೆಂದಳು. “ಹಿಂದುಗಡೆ ಖಾಲಿ ಇದೆಯಲ್ಲ, ನೀನು ಎಲ್ಲಿಗೆ ಹೋಗುತ್ತೀ ಎಂದು ಅದರಲ್ಲಿ ಬರೆದು ಹೋಗು. ಮತ್ತೆ, ತಾಲ್ಲೂಕು ಕೇಂದ್ರದಲ್ಲಿ ಈಜುಕೊಳವಿದೆಯಂತೆ, ಹೌದೇ?” ಎಂದಳು.

ಆದಕಾರಣ, ಶನಿವಾರ ಸಂಜೆ ವಾಲಿಬಾಲ್ ಅಂಗಳದಲ್ಲಿ ನಾನು ಕಾಣಿಸುತ್ತಿಲ್ಲವೆಂದು ದೂರುವ ಮಿತ್ರರು ದಯಮಾಡಿ ಕ್ಷಮಿಸಬೇಕು. ಏಳು ವರ್ಷದ ಹುಡುಗರ ನಡುವೆ, ಕೊಳದ ಅಂಚಿನ ಕಬ್ಬಿಣದ ಸರಳನ್ನು ಹಿಡಿದು ಕಾಲು ಬಡಿಯುತ್ತಿರುತ್ತೇನೆ. ಇದುವರೆಗೆ ಸರಳು ಬಿಟ್ಟು ಹೋದ ದೂರ ಅರ್ಧ ರಾಡ್. ಎಲ್ಲಿಗೆ ಹೋಗಿದ್ದೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂಬುದು ಮನೆಯಲ್ಲಿ ಪಂಚಾಂಗದ ಪಕ್ಕದಲ್ಲಿ ಬರೆದಿದೆ.